ಮನೆ ಬಾಗಿಲಿಗೆ ಬರುವ ಮೆಕ್ಯಾನಿಕ್

ಹಿಂದೆ ನಮ್ಮ ಊರುಗಳಿಗೆ ಕಲಾಯಿ ಹಾಕುವವರು ಬರುತ್ತಿದ್ದರು. ತಿದಿ, ಇದ್ದಿಲು, ತವರ ಎಲ್ಲವೂ ಅವರ ಗಂಟಿನಲ್ಲೇ ಇರುತ್ತಿತ್ತು. ಬೀದಿಯ ಮೂಲೆಯಲ್ಲಿ ಒಲೆ ಹೂಡುತ್ತಿದ್ದರು. ಕಪ್ಪಾದ ಹಿತ್ತಾಳೆ ಪಾತ್ರೆಯ ಒಳಗೆಲ್ಲ ಬೆಳ್ಳಗೆ ಹೊಳೆಯುವ ಹಾಗೆ ಮಾಡಿಕೊಡುತ್ತಿದ್ದರು. ಸಾಣೆ ಹಿಡಿಯುವವರು ಬರುತ್ತಿದ್ದರು. ಕೊಡೆ ರಿಪೇರಿಯವರು ಬರುತ್ತಿದ್ದರು. ಕೆಟ್ಟ ಸಾಮಾನನ್ನು ಹೊತ್ತುಕೊಂಡು ನಾವು ಪೇಟೆಗೆ ಹೋಗಬೇಕಾಗಿರಲಿಲ್ಲ. ಕೆಲಸ ಬಲ್ಲವರೇ ಬಾಗಿಲಿಗೆ ಬರುತ್ತಿದ್ದರು.

ಕಾರು ರಿಪೇರಿಗೂ ಹೀಗೆ ಊರೂರು ತಿರುಗುವವರು ಇದ್ದಾರೆ. ಇಂಗ್ಲೆಂಡ್ ದೇಶದಲ್ಲಿ ಹಳೆಯ ಕಾಲದ ಸ್ಪೋರ್ಟ್ಸ್ ಕಾರುಗಳನ್ನು ರಿಪೇರಿ ಮಾಡುವ ಇಂಥ ಮೆಕ್ಯಾನಿಕ್‌ಗಳಿದ್ದಾರೆ. ಅವರ ಕೆಲಸ ಹೇಗಿರುತ್ತದೆ ಅಂತ ಈ ಪಾಠದಲ್ಲಿ ನೋಡೋಣ.

"ನಮ್ಮಲ್ಲಿ ಯಾರ ಹತ್ತಿರ ಕಾರಿದೆ? ನಮಗ್ಯಾಕೆ ಇದು?" ಅಂತ ನೀವು ಕೇಳಬಹುದು. ಕಾರು ಇಲ್ಲದಿದ್ದರೆ ಇಲ್ಲ, ಬಿಡಿ. ಪಂಪ್ ಸ್ಟೌಗೆ ಪಿನ್ ಹಾಕಿ ಉರಿಸಿದವರಿಗೆ, ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಟ್ಟವರಿಗೆ ಈ ಕೆಲಸದ ಅರ್ಧ ಆಗಲೇ ಗೊತ್ತು.

ಸ್ಪೋರ್ಟ್ಸ್ ಕಾರು ಅಂದರೆ ಏನು? ತಗ್ಗಾದ, ಹಗುರವಾದ, ಜೋರಾಗಿ ಓಡುವ ಕಾರು. ಎರಡೇ ಸೀಟು. ಮೇಲೆ ಬಟ್ಟೆಯ ಮುಚ್ಚಿಗೆ. ಬೇಕಾದಾಗ ಮಡಚಿ ಹಿಂದಕ್ಕೆ ಹಾಕಬಹುದು. ಮಕ್ಕಳು ಮರಿ, ಮೂಟೆ ಗಂಟು ಕಟ್ಟಿಕೊಂಡು ಸಂತೆಗೆ ಹೋಗುವ ಕಾರಲ್ಲ ಇದು. ಶೋಕಿಯ ಕಾರು.

ಎಂ.ಜಿ.ಬಿ. ಅಂತ ಒಂದು ಕಾರು. ಆಕ್ಸ್‌ಫರ್ಡ್ ಪಟ್ಟಣದ ಹತ್ತಿರ ಅಬಿಂಗ್ಡನ್ ಎಂಬ ಊರಿದೆ. ಅಲ್ಲಿನ ಕಾರ್ಖಾನೆಯಲ್ಲಿ 1962ರಿಂದ 1980ರವರೆಗೆ ಇದನ್ನು ಮಾಡಿದರು. 5 ಲಕ್ಷಕ್ಕೂ ಹೆಚ್ಚು ಕಾರುಗಳನ್ನು ಮಾಡಿದರು. 1980ರ ಅಕ್ಟೋಬರಿನಲ್ಲಿ ಆ ಕಾರ್ಖಾನೆ ಮುಚ್ಚಿತು. ಕಾರ್ಖಾನೆ ಹೋಯಿತು, ಕಾರುಗಳು ಉಳಿದವು. ಜನಕ್ಕೆ ಅದರ ಮೇಲೆ ಎಷ್ಟು ಆಸೆ ಅಂದರೆ, 1988ರಿಂದ ಅದರ ಬಾಡಿಯನ್ನೇ ಮತ್ತೆ ಹೊಸದಾಗಿ ಮಾಡಿ ಮಾರಲು ಶುರು ಮಾಡಿದರು.

ಇದರ ಎಂಜಿನ್ ನಮಗೆ ಪರಕೀಯವಲ್ಲ. ನಮ್ಮ ಅಂಬಾಸಿಡರ್ ಕಾರು ನೆನಪಿದೆಯಲ್ಲ? ತಾಲ್ಲೂಕು ಕಚೇರಿಯ ಮುಂದೆ ಬಿಳಿಯ ಬಣ್ಣದ್ದು ನಿಂತಿರುತ್ತಿತ್ತು. 2014ರಲ್ಲಿ ಅದನ್ನು ಮಾಡುವುದು ನಿಂತಿತು. ಅದರಲ್ಲಿ ಬಹಳ ವರ್ಷ ಇದ್ದ ಪೆಟ್ರೋಲ್ ಎಂಜಿನ್ನೂ ಈ ಎಂ.ಜಿ.ಬಿ. ಎಂಜಿನ್ನೂ ಒಂದೇ ವಂಶದವು. ಅಂಬಾಸಿಡರ್‌ನದು 1489 ಸಿ.ಸಿ., ಇದರದು 1798 ಸಿ.ಸಿ. ಅಕ್ಕ ತಂಗಿ ಅನ್ನಿ. ಅಂಬಾಸಿಡರ್ ಬಿಚ್ಚಿ ಜೋಡಿಸಿದ ನಮ್ಮ ಊರಿನ ಮೇಸ್ತ್ರಿಗೆ ಎಂ.ಜಿ.ಬಿ.ಯ ಬಾನೆಟ್ ತೆಗೆದು ತೋರಿಸಿದರೆ ಗುರುತು ಹಿಡಿದಾನು.

ಈಗಿನ ಕಾರು ಕೆಟ್ಟರೆ ಗ್ಯಾರೇಜಿನಲ್ಲಿ ಅದಕ್ಕೆ ಕಂಪ್ಯೂಟರ್ ಸಿಕ್ಕಿಸುತ್ತಾರೆ. ಎಲ್ಲಿ ತೊಂದರೆ ಅಂತ ಅದು ಸುಳಿವು ಕೊಡುತ್ತದೆ. ಹಳೆಯ ಕಾರಿಗೆ ಅದನ್ನು ಸಿಕ್ಕಿಸುವ ಜಾಗವೇ ಇಲ್ಲ. ಕೇಳಬೇಕು, ಮೂಸಬೇಕು, ಮುಟ್ಟಿ ನೋಡಬೇಕು. ಹೀಗೆ ನೋಡಬಲ್ಲವರು ಕಡಿಮೆಯಾಗುತ್ತಿದ್ದಾರೆ. ಕೆಟ್ಟ ಕಾರನ್ನು ರಸ್ತೆಗೆ ಇಳಿಸುವುದಕ್ಕೂ ಭಯ. ಅದಕ್ಕೇ ಮನೆಗೆ ಬರುವ ಮೆಕ್ಯಾನಿಕ್‌ಗೆ ಬೇಡಿಕೆ.

ಅಂಥ ಒಬ್ಬ ಮೆಕ್ಯಾನಿಕ್ಕಿನ ಒಂದು ದಿನ ನೋಡೋಣ. ಆಕೆ ಹೆಂಗಸು ಅಂತಲೇ ಇಟ್ಟುಕೊಳ್ಳೋಣ. ಈ ಕೆಲಸದಲ್ಲಿ ಅಲ್ಲೂ ಹೆಂಗಸರು ಕಡಿಮೆ. ಆದರೆ ಇದ್ದಾರೆ.

ಆಕೆಯ ಹತ್ತಿರ ಒಂದು ವ್ಯಾನಿದೆ. ಅದೇ ಅಂಗಡಿ, ಅದೇ ಉಗ್ರಾಣ. ಅದರಲ್ಲಿ ಸ್ಪ್ಯಾನರುಗಳೇ ಎರಡು ಮೂರು ಜೊತೆ. ಯಾಕೆ? ಬೇರೆ ಬೇರೆ ಕಾಲದ ಬ್ರಿಟಿಷ್ ಕಾರುಗಳಿಗೆ ಬೇರೆ ಬೇರೆ ಅಳತೆಯ ನಟ್ಟು ಬೋಲ್ಟು. ಒಂದರ ಸ್ಪ್ಯಾನರ್ ಇನ್ನೊಂದಕ್ಕೆ ಸರಿಯಾಗಿ ಕೂರುವುದಿಲ್ಲ. ಬಲವಂತ ಮಾಡಿದರೆ ನಟ್ಟಿನ ಮೂಲೆ ಸವೆದು ಉರುಟಾಗುತ್ತದೆ. ತಾಮ್ರದ ಒಂದು ಸುತ್ತಿಗೆಯೂ ಇದೆ. ಅರ ಅರ ಇರುವ ಚಕ್ರವನ್ನು ಬಿಚ್ಚುವುದಕ್ಕೆ ಅದು ಬೇಕು. ಚಕ್ರದ ನಡುವೆ ರೆಕ್ಕೆಯಿರುವ ದೊಡ್ಡ ನಟ್ಟು ಇರುತ್ತದೆ. ರೆಕ್ಕೆಗೆ ಸುತ್ತಿಗೆಯಿಂದ ಹೊಡೆದು ತಿರುಗಿಸಬೇಕು. ತಾಮ್ರ ಮೆತ್ತಗೆ, ರೆಕ್ಕೆಗೆ ಗಾಯವಾಗುವುದಿಲ್ಲ. ಎಡಗಡೆಯ ನಟ್ಟು ತಿರುಗುವುದು ಒಂದು ದಿಕ್ಕು, ಬಲಗಡೆಯದು ಇನ್ನೊಂದು ದಿಕ್ಕು. ಗೊತ್ತಿಲ್ಲದವರು ಬಿಚ್ಚುತ್ತೇವೆ ಅಂದುಕೊಂಡು ಬಿಗಿ ಮಾಡುತ್ತಾರೆ!

ವ್ಯಾನಿನಲ್ಲಿ ಒಂದು ಪುಸ್ತಕವೂ ಇದೆ. ಯಾವ ಭಾಗದ ಅಳತೆ ಎಷ್ಟು ಅಂತ ಅದರಲ್ಲಿ ಬರೆದಿದೆ. ಎಂಜಿನ್ನಿನಲ್ಲಿ ಕಿಡಿ ಹುಟ್ಟಿಸುವುದಕ್ಕೆ 'ಪಾಯಿಂಟ್' ಅಂತ ಒಂದು ಸಣ್ಣ ಭಾಗ ಇರುತ್ತದೆ. ಅದರ ಬಾಯಿ ಎಷ್ಟು ತೆರೆಯಬೇಕು? ಒಂದು ಇಂಚನ್ನು 1000 ಭಾಗ ಮಾಡಿದರೆ ಅದರಲ್ಲಿ 15 ಭಾಗ. ನೋಟ್‌ಬುಕ್ಕಿನ ನಾಲ್ಕೈದು ಹಾಳೆ ಒತ್ತಿ ಹಿಡಿದಷ್ಟು ದಪ್ಪ. ಇದನ್ನು ಕಣ್ಣಂದಾಜಿನಲ್ಲಿ ಮಾಡುವುದಿಲ್ಲ. ಫೀಲರ್ ಗೇಜ್ ಅನ್ನುವ ತೆಳ್ಳನೆಯ ಉಕ್ಕಿನ ಎಲೆ ತೂರಿಸಿ ಅಳೆಯುತ್ತಾರೆ.

ಇವತ್ತು ಶನಿವಾರ. ವಯಸ್ಸಾದ ಯಜಮಾನರೊಬ್ಬರ ಮನೆಗೆ ಹೋಗಬೇಕು. ಅವರ ಎಂ.ಜಿ.ಬಿ. ಸ್ಟಾರ್ಟ್ ಆಗುತ್ತಿಲ್ಲ. ನಾಳೆ ಹಳೆಯ ಕಾರುಗಳ ಮೇಳ. ಅವರಿಗೆ ಹೋಗಲೇಬೇಕು. ಹೊರಗೆ ಜಿಟಿ ಜಿಟಿ ಮಳೆ. ಮಳೆ ಬಂತು ಅಂತ ಕೆಲಸ ಬಿಟ್ಟರೆ ಆ ದೇಶದಲ್ಲಿ ವರ್ಷಕ್ಕೆ ಅರ್ಧ ದಿನ ಮನೆಯಲ್ಲೇ ಕೂರಬೇಕಾದೀತು.

ಎಂಜಿನ್ ಓಡುವುದಕ್ಕೆ ಏನೇನು ಬೇಕು? ಪೆಟ್ರೋಲ್, ಗಾಳಿ, ಕಿಡಿ. ಸ್ಟೌ ಹಾಗೆಯೇ. ಅದಕ್ಕೂ ಎಣ್ಣೆ, ಗಾಳಿ, ಕಡ್ಡಿಯ ಬೆಂಕಿ ಬೇಕು ತಾನೇ? ಸ್ಟೌ ಹತ್ತಲಿಲ್ಲ ಅಂದರೆ ನಾವು ಮೊದಲು ಏನು ನೋಡುತ್ತೇವೆ? ಎಣ್ಣೆ ಇದೆಯೋ ಇಲ್ಲವೋ ಅಂತ. ಆಮೇಲೆ ಪಿನ್ ಹಾಕುತ್ತೇವೆ. ಮೊದಲೇ ಇಡೀ ಸ್ಟೌ ಬಿಚ್ಚಿ ಹರಡಿಕೊಂಡು ಕೂರುವುದಿಲ್ಲ. ಮೆಕ್ಯಾನಿಕ್ ಮಾಡುವುದೂ ಅಷ್ಟೇ. ಒಂದಾದ ಮೇಲೆ ಒಂದು ನೋಡುತ್ತಾಳೆ.

ಆಕೆ ಕೀಲಿ ತಿರುಗಿಸಿದಳು. ಸ್ಟಾರ್ಟ್ ಮಾಡಲಿಲ್ಲ. ಸುಮ್ಮನೆ ಕಿವಿಗೊಟ್ಟು ಕೇಳಿದಳು.

"ಏನು ಕೇಳ್ತಿದ್ದೀರಿ?" ಅಂದರು ಯಜಮಾನರು.

"ಪಂಪು ಮಾತಾಡ್ತಾ ಇಲ್ಲ" ಅಂದಳು.

ಈ ಕಾರಿನ ಹಿಂಭಾಗದಲ್ಲಿ, ಚಕ್ರದ ಹತ್ತಿರ ಕರೆಂಟಿನ ಒಂದು ಪಂಪಿದೆ. ಟ್ಯಾಂಕಿನಿಂದ ಪೆಟ್ರೋಲನ್ನು ಮುಂದಕ್ಕೆ ತಳ್ಳುವುದು ಅದರ ಕೆಲಸ. ಕೀಲಿ ತಿರುಗಿಸಿದ ಕೂಡಲೇ ಅದು ಟಿಕ್ ಟಿಕ್ ಟಿಕ್ ಅನ್ನಬೇಕು. ಪೆಟ್ರೋಲ್ ತುಂಬಿದ ಮೇಲೆ ನಿಧಾನವಾಗಬೇಕು. ಇಲ್ಲಿ ಸದ್ದೇ ಇಲ್ಲ. ಆಕೆ ಕೆಳಗೆ ಬಗ್ಗಿ ಸ್ಪ್ಯಾನರಿನ ಹಿಡಿಯಿಂದ ಪಂಪಿಗೆ ಮೆಲ್ಲಗೆ ಎರಡು ಏಟು ಕೊಟ್ಟಳು. ಟಿಕ್ ಟಿಕ್ ಟಿಕ್ ಶುರುವಾಯಿತು!

ಯಜಮಾನರಿಗೆ ಖುಷಿಯೋ ಖುಷಿ. "ಸರಿಹೋಯ್ತಲ್ಲ!" ಅಂದರು.

ಸರಿ ಹೋಗಿಲ್ಲ. ಏಟು ಕೊಟ್ಟರೆ ಓಡುವ ಪಂಪು ಮತ್ತೆ ನಿಲ್ಲುತ್ತದೆ. ನಡುರಸ್ತೆಯಲ್ಲಿ, ಹಿಂದೆ ಲಾರಿ ಬರುವಾಗ ನಿಲ್ಲಬಹುದು. ಪಂಪಿನ ಒಳಗೂ ಸಣ್ಣ ಪಾಯಿಂಟ್‌ಗಳಿವೆ. ಅವು ಸುಟ್ಟು ಕಪ್ಪಾಗಿವೆ. ಅದನ್ನು ಬದಲಾಯಿಸಬೇಕು. ಈ ಕಾರುಗಳಲ್ಲಿ ಆಗಾಗ ಬರುವ ರೋಗ ಇದು. ಹೀಗಾಗಿ ವ್ಯಾನಿನಲ್ಲಿ ಹೊಸ ಪಂಪು ಇಟ್ಟುಕೊಂಡೇ ಬಂದಿದ್ದಳು.

ಟ್ಯಾಂಕಿನಿಂದ ಬಂದ ಪೆಟ್ರೋಲ್ ಕಾರ್ಬೊರೇಟರಿನ ಒಂದು ಬಟ್ಟಲಿನಲ್ಲಿ ನಿಲ್ಲುತ್ತದೆ. ಬಟ್ಟಲಿನಲ್ಲಿ ಒಂದು ತೇಲು ಬುರುಡೆ. ಪೆಟ್ರೋಲ್ ಏರಿದರೆ ಬುರುಡೆ ಏರಿ ದಾರಿ ಮುಚ್ಚುತ್ತದೆ. ಇಳಿದರೆ ತೆರೆಯುತ್ತದೆ. ಮನೆಯ ಮೇಲಿನ ನೀರಿನ ಟ್ಯಾಂಕಿನಲ್ಲೂ ಇದೇ ಉಪಾಯ ಇರುತ್ತದೆ, ನೋಡಿರಬಹುದು.

ಈ ಬಟ್ಟಲಿನ ಮಾತು ಬಂದಾಗ ಬಿಯಾಟ್ರಿಸ್ ಶಿಲ್ಲಿಂಗ್ ಎಂಬ ಹೆಣ್ಣುಮಗಳ ಕಥೆ ಹೇಳಲೇಬೇಕು. ಇದು ನಡೆದ ಸಂಗತಿ. ಆಕೆ ಹುಟ್ಟಿದ್ದು 1909ರಲ್ಲಿ, ಇಂಗ್ಲೆಂಡಿನಲ್ಲಿ. 14 ವರ್ಷಕ್ಕೇ ಒಂದು ಮೋಟಾರ್ ಸೈಕಲ್ ಕೊಂಡಳು. ಮುಂದೆ ಎಂಜಿನಿಯರಿಂಗ್ ಓದಿದಳು. ವಿಮಾನಗಳ ಬಗ್ಗೆ ಸಂಶೋಧನೆ ಮಾಡುವ ಸರ್ಕಾರಿ ಸಂಸ್ಥೆಗೆ ಸೇರಿದಳು.

1940ರಲ್ಲಿ ಬ್ರಿಟನ್ನಿಗೂ ಜರ್ಮನಿಗೂ ಆಕಾಶದಲ್ಲಿ ಭಾರೀ ಯುದ್ಧ. ಬ್ರಿಟನ್ನಿನ ಸ್ಪಿಟ್‌ಫೈರ್, ಹರಿಕೇನ್ ವಿಮಾನಗಳಿಗೆ ಒಂದು ಕಾಟ. ಮೂತಿ ಕೆಳಗೆ ಮಾಡಿ ಥಟ್ಟನೆ ಇಳಿದರೆ ಎಂಜಿನ್ ಬಿಕ್ಕುತ್ತಿತ್ತು. ಕೆಲವು ಸಲ ನಿಂತೇ ಹೋಗುತ್ತಿತ್ತು. ಕಾರಣ ಆ ಬಟ್ಟಲು. ವಿಮಾನ ಥಟ್ಟನೆ ಇಳಿದಾಗ ಬಟ್ಟಲಿನ ಪೆಟ್ರೋಲ್ ಮೇಲಕ್ಕೆ ಚಿಮ್ಮುತ್ತಿತ್ತು. ತೇಲು ಬುರುಡೆ ಲೆಕ್ಕ ತಪ್ಪುತ್ತಿತ್ತು. ಆಮೇಲೆ ಪೆಟ್ರೋಲ್ ವಿಪರೀತ ನುಗ್ಗಿ ಎಂಜಿನ್ ಉಸಿರು ಕಟ್ಟುತ್ತಿತ್ತು. ಜರ್ಮನಿಯ ವಿಮಾನಗಳಿಗೆ ಈ ತೊಂದರೆ ಇರಲಿಲ್ಲ. ಹಿಂದೆ ಶತ್ರು, ಮುಂದೆ ಕೆಟ್ಟ ಎಂಜಿನ್. ಹಾರಿಸುವವರ ಗತಿ ಏನು, ಯೋಚನೆ ಮಾಡಿ.

ಶಿಲ್ಲಿಂಗ್ ಮಾಡಿದ್ದು ಏನು? ಹಿತ್ತಾಳೆಯ ಒಂದು ಸಣ್ಣ ತುಣುಕು. ನಡುವೆ ತೂತು. ಎಂಜಿನ್ನಿಗೆ ಬೇಕಾದಷ್ಟೇ ಪೆಟ್ರೋಲ್ ಆ ತೂತಿನಲ್ಲಿ ಹಾಯುತ್ತದೆ, ಹೆಚ್ಚಿಗೆ ನುಗ್ಗುವುದಿಲ್ಲ. ಅದನ್ನು ಹಾಕುವುದಕ್ಕೆ ವಿಮಾನವನ್ನು ಕಾರ್ಖಾನೆಗೆ ಒಯ್ಯಬೇಕಾಗಿರಲಿಲ್ಲ. 1941ರ ಮೊದಲ ತಿಂಗಳುಗಳಲ್ಲಿ ಆಕೆ ಕೆಲವರನ್ನು ಜೊತೆಗೆ ಕಟ್ಟಿಕೊಂಡು ಒಂದು ವಿಮಾನ ನಿಲ್ದಾಣದಿಂದ ಇನ್ನೊಂದಕ್ಕೆ ತಿರುಗಿದಳು. ನಿಂತಲ್ಲೇ ಆ ತುಣುಕು ಹಾಕಿಸಿದಳು. ಯುದ್ಧ ಮುಗಿದ ಮೇಲೆ ಸ್ಪೋರ್ಟ್ಸ್ ಕಾರುಗಳನ್ನು ತಾನೇ ಸಜ್ಜು ಮಾಡಿ, ಗಂಡನ ಜೊತೆ ರೇಸಿಗೆ ಇಳಿಸಿದಳು. ತೀರಿಕೊಂಡದ್ದು 1990ರಲ್ಲಿ.

ಈಗ ನಮ್ಮ ಮೆಕ್ಯಾನಿಕ್ ಹತ್ತಿರ ಬರೋಣ. ಪಂಪು ಬದಲಿಸಲು ಕಾರಿನ ಕೆಳಗೆ ಹೋಗಬೇಕು. ಮೊದಲು ಬ್ಯಾಟರಿಯ ವೈರು ಬಿಚ್ಚಿದಳು. ಪೆಟ್ರೋಲ್ ಇರುವ ಕಡೆ ಒಂದು ಕಿಡಿ ಸಾಕು. ಯಜಮಾನರ ಕೈಯಲ್ಲಿದ್ದ ಸಿಗರೇಟು ಆರಿಸಲು ಹೇಳಿದಳು. ಜಾಕಿನಿಂದ ಕಾರನ್ನು ಎತ್ತಿದಳು. ಬರೀ ಜಾಕಿನ ಮೇಲೆ ನಿಂತ ಕಾರಿನ ಕೆಳಗೆ ಮಾತ್ರ ನುಗ್ಗಲಿಲ್ಲ. ಜಾಕ್ ಜಾರಿ ಸತ್ತವರಿದ್ದಾರೆ. ಗಟ್ಟಿ ನೆಲ ನೋಡಿ ಕಬ್ಬಿಣದ ಸ್ಟ್ಯಾಂಡುಗಳನ್ನು ಕೊಟ್ಟಳು. ಕಾರನ್ನು ಒಮ್ಮೆ ಅಲುಗಿಸಿ ನೋಡಿ ಆಮೇಲೆ ಮಲಗಿಕೊಂಡು ಒಳಗೆ ಸರಿದಳು. ಬೆನ್ನ ಕೆಳಗೆ ಒದ್ದೆ ನೆಲ. ಕೈಬೆರಳು ಮರಗಟ್ಟಿವೆ.

ಪಂಪಿನ ಕೆಲಸ ಒಂದು ಗಂಟೆಯಲ್ಲಿ ಮುಗಿಯಿತು. ಆದರೆ ಕೆಳಗೆ ಮಲಗಿದಾಗ ಇನ್ನೊಂದು ಕಣ್ಣಿಗೆ ಬಿತ್ತು. ಹಿಂದಿನ ಚಕ್ರದ ಒಳಬದಿ ಒದ್ದೆಯಾಗಿದೆ. ಅದು ಮಳೆ ನೀರಲ್ಲ, ಬ್ರೇಕ್ ಆಯಿಲ್.

ಆಕೆ ಚಕ್ರ ಬಿಚ್ಚಿ ಡ್ರಮ್ ತೆಗೆದಳು. ಇಲ್ಲಿ ಒಂದು ಎಚ್ಚರ. ಹಳೆಯ ಬ್ರೇಕಿನ ಪುಡಿಯಲ್ಲಿ ಕಲ್ನಾರು ಇರಬಹುದು. ಅದನ್ನು ಊದಬಾರದು. ಒಣ ಬ್ರಷ್‌ನಲ್ಲಿ ಗುಡಿಸಬಾರದು. ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಬೇರೆ ಇಡಬೇಕು. ಆ ಪುಡಿ ಎದೆಗೆ ಹೋದರೆ ಎಷ್ಟೋ ವರ್ಷ ಕಳೆದ ಮೇಲೆ ಕ್ಯಾನ್ಸರ್ ಬರಬಹುದು. ಬ್ರಿಟನ್ನಿನಲ್ಲಿ 1999ರಲ್ಲಿ ಕಲ್ನಾರನ್ನು ನಿಷೇಧಿಸಿದರು. ನಮ್ಮ ಕಡೆ ಸೂರಿಗೆ ಹಾಕುವ ಕಲ್ನಾರಿನ ಶೀಟಿನಲ್ಲೂ ಇದೇ ವಸ್ತು ಇರುತ್ತದೆ. ಅದನ್ನು ಗರಗಸದಲ್ಲಿ ಕೊಯ್ಯುವಾಗ ಮಕ್ಕಳನ್ನು ಹತ್ತಿರ ಬಿಡಬೇಡಿ.

ಡ್ರಮ್ಮಿನ ಒಳಗಿನ ಬ್ರೇಕ್ ಶೂ ಆಯಿಲ್ ಕುಡಿದು ಕಪ್ಪಾಗಿತ್ತು. ಆಯಿಲ್ ಕುಡಿದ ಶೂ ಹಿಡಿಯುವುದಿಲ್ಲ. ಎರಡೂ ಕಡೆಯ ಶೂ ಒಟ್ಟಿಗೆ ಬದಲಿಸಬೇಕು. ಒಂದೇ ಕಡೆ ಬದಲಿಸಿದರೆ ಬ್ರೇಕ್ ಒತ್ತಿದಾಗ ಕಾರು ಪಕ್ಕಕ್ಕೆ ಎಳೆಯುತ್ತದೆ. ರಬ್ಬರಿನ ಪೈಪೂ ಬಿರುಕು ಬಿಟ್ಟಿದೆ. ವ್ಯಾನಿನಲ್ಲಿ ಶೂ ಇಲ್ಲ. ತರಿಸಬೇಕು.

"ನಾಳೆ ಒಂದು ದಿನ ಹೋಗಿ ಬರ್ತೀನಿ. ಮೆಲ್ಲಗೆ ಓಡಿಸ್ತೀನಿ" ಅಂದರು ಯಜಮಾನರು.

"ಬೇಡಿ" ಅಂದಳು ಆಕೆ.

"20 ಮೈಲಿ ಅಷ್ಟೇ."

"ಬೇಡಿ. ನಾಲ್ಕೂ ಚಕ್ರಕ್ಕೆ ಆಯಿಲ್ ಹೋಗುವ ದಾರಿ ಒಂದೇ. ಒಂದು ಕಡೆ ಕಿತ್ತುಹೋದರೆ ನಾಲ್ಕೂ ಹೋಯ್ತು. ಕಾಲು ಒತ್ತಿದರೆ ಪೆಡಲ್ ನೆಲಕ್ಕೇ ಹೋಗುತ್ತೆ."

ಆಕೆ ಹೇಳಿದ್ದು ನಿಜ. ಈಗಿನ ಕಾರುಗಳಲ್ಲಿ ದಾರಿ ಎರಡು ಇರುತ್ತವೆ. ಒಂದು ಹೋದರೆ ಇನ್ನೊಂದು ಕೈ ಹಿಡಿಯುತ್ತದೆ. ಈ ಹಳೆಯ ಕಾರಿನಲ್ಲಿ ಉಳಿಯುವುದು ಹ್ಯಾಂಡ್ ಬ್ರೇಕ್ ಒಂದೇ. ಅದೂ ಇದೇ ಹಿಂದಿನ ಶೂಗಳನ್ನೇ ನಂಬಿಕೊಂಡಿದೆ.

ಕಾನೂನಿನ ಮಾತೂ ಇದೆ. ಬ್ರಿಟನ್ನಿನಲ್ಲಿ ಕಾರಿಗೆ 3 ವರ್ಷ ತುಂಬಿದ ಮೇಲೆ ಪ್ರತಿ ವರ್ಷ ಪರೀಕ್ಷೆ ಮಾಡಿಸಬೇಕು. 2018ರ ಮೇ ತಿಂಗಳಿಂದ 40 ವರ್ಷ ದಾಟಿದ ಕಾರುಗಳಿಗೆ, ಅವುಗಳಲ್ಲಿ ಭಾರೀ ಬದಲಾವಣೆ ಮಾಡಿರದಿದ್ದರೆ, ಈ ಪರೀಕ್ಷೆ ಕಡ್ಡಾಯವಲ್ಲ. ಕಟ್ಟಕಡೆಯ ಎಂ.ಜಿ.ಬಿ.ಗೂ ಈಗ 40 ದಾಟಿದೆ. ಹಾಗಂತ ಕೆಟ್ಟ ಬ್ರೇಕಿನ ಕಾರು ಓಡಿಸಬಹುದು ಅಂತಲ್ಲ. ಓಡಿಸಿದರೆ ಅದು ತಪ್ಪೇ. ಆದರೆ ವರ್ಷಕ್ಕೊಮ್ಮೆ ನೋಡುವ ಕಣ್ಣು ತಪ್ಪಿತು. ಎಷ್ಟೋ ಕಾರುಗಳ ಅಡಿಯನ್ನು ನೋಡುವವಳು ಈ ಮೆಕ್ಯಾನಿಕ್ ಒಬ್ಬಳೇ. ಅವಳು ಮುಖ ನೋಡಿ ಮಣೆ ಹಾಕಿದರೆ, ಎದುರಿಗೆ ಬರುವವರ ಜೀವಕ್ಕೆ ಯಾರು ಹೊಣೆ?

ಇಲ್ಲಿ ಆಕೆಗೆ ನಷ್ಟವೂ ಇದೆ. ಯಜಮಾನರು ಮುನಿಸಿಕೊಂಡರೆ ಇನ್ನೊಮ್ಮೆ ಕರೆಯಲಾರರು. ಈ ಕೆಲಸದಲ್ಲಿ ಸಂಬಳ ಇಲ್ಲ. ಕರೆದರೆ ಕೂಲಿ, ಇಲ್ಲದಿದ್ದರೆ ಇಲ್ಲ. ಬೇಸಿಗೆಯಲ್ಲಿ ಊಟಕ್ಕೂ ಬಿಡುವಿಲ್ಲ. ಚಳಿಗಾಲದಲ್ಲಿ ಮಂಜುಗಡ್ಡೆ ಕರಗಲಿ ಅಂತ ರಸ್ತೆಗೆ ಉಪ್ಪು ಚೆಲ್ಲುತ್ತಾರೆ. ಉಪ್ಪಿಗೆ ಕಾರು ತುಕ್ಕು ಹಿಡಿಯುತ್ತದೆ. ಆಗ ಬಹಳ ಜನ ಇಂಥ ಕಾರನ್ನು ಹೊರಗೆ ತೆಗೆಯುವುದೇ ಇಲ್ಲ. ಆ ತಿಂಗಳುಗಳನ್ನು ಬೇಸಿಗೆಯ ದುಡ್ಡಿನಲ್ಲೇ ನೂಕಬೇಕು.

ಆದರೂ ಆಕೆ ಬಿಲ್ಲಿನಲ್ಲಿ ಬರೆದಳು. ಹೊಸ ಪಂಪು ಹಾಕಿದೆ. ಹಿಂದಿನ ಬ್ರೇಕ್ ಸೋರುತ್ತಿದೆ. ರಿಪೇರಿ ಆಗುವವರೆಗೆ ಓಡಿಸಬಾರದು. ತಾರೀಖು ಹಾಕಿ, ಯಜಮಾನರಿಂದ ಸಹಿ ಮಾಡಿಸಿಕೊಂಡಳು. ಒಂದು ಪ್ರತಿ ಅವರಿಗೆ, ಒಂದು ಪ್ರತಿ ತನಗೆ. ಮಂಗಳವಾರ ಬೆಳಿಗ್ಗೆ 8 ಗಂಟೆಗೆ ಶೂ ತೆಗೆದುಕೊಂಡು ಬರುತ್ತೇನೆ ಅಂದಳು.

ಭಾನುವಾರ ಯಜಮಾನರು ಮೇಳಕ್ಕೆ ಬಸ್ಸಿನಲ್ಲಿ ಹೋದರು.