ಸಣ್ಣ ನಾಯಿಗಳ ರಕ್ಷಣೆ : ಒಂದು ವಿಚಾರ

ಕಳೆದ ಶ್ರಾವಣದಲ್ಲಿ ಒಂಬತ್ತನೆಯ ತರಗತಿಯ ವಿದ್ಯಾರ್ಥಿಗಳಿಗೆ ಅಮರಕೋಶದ ಕೆಲವು ಪದಗಳನ್ನು ಪಾಠ ಹೇಳುತ್ತಿದ್ದಾಗ, ನಾಯಿಗೆ ಸಲ್ಲುವ ನಾಮಗಳ ಪೈಕಿ ‘ಕೌಲೇಯಕ’ ಎಂಬ ಶಬ್ದ ಬಂದಿತು. ಈ ರೂಪಸಿದ್ಧಿಗೆ ಪಾಣಿನಿಯ ಅಷ್ಟಾಧ್ಯಾಯಿಯಲ್ಲಿ ಒಂದು ಪ್ರತ್ಯೇಕ ಸೂತ್ರವೇ ಇದೆ. ಕುಲ ಶಬ್ದದಿಂದ ನಾಯಿಯೆಂಬ ಅರ್ಥದಲ್ಲಿ ಕೌಲೇಯಕ, ಕುಕ್ಷಿ ಶಬ್ದದಿಂದ ಕತ್ತಿಯೆಂಬ ಅರ್ಥದಲ್ಲಿ ಕೌಕ್ಷೇಯಕ, ಗ್ರೀವಾ ಶಬ್ದದಿಂದ ಕೊರಳ ಆಭರಣವೆಂಬ ಅರ್ಥದಲ್ಲಿ ಗ್ರೈವೇಯಕ — ಹೀಗೆ ಮೂರು ಪದಗಳು ಆ ಒಂದೇ ಸೂತ್ರದಲ್ಲಿ ಸಿದ್ಧಿಸುತ್ತವೆ. ಕುಲವೆಂದರೆ ಇಲ್ಲಿ ಮನೆ, ಮನೆತನ. ಕೌಲೇಯಕವೆಂದರೆ ಮನೆಗೆ ಸೇರಿದ್ದು. ಮನೆಯನ್ನು ಕಾಯುವುದು ಎಂಬ ಅರ್ಥ ಆ ಶಬ್ದದಲ್ಲಿ ಎಲ್ಲಿಯೂ ಇಲ್ಲವೆಂಬುದನ್ನು ಗಮನಿಸಬೇಕೆಂದು ನಾನು ಹೇಳಿದೆ.

ಪಾಠ ಮುಗಿದ ಮೇಲೆ ಹಿಂದಿನ ಸಾಲಿನ ಒಬ್ಬ ಹುಡುಗ ಬಳಿಗೆ ಬಂದು, “ಗುರುಗಳೆ, ನಮ್ಮ ಮರಿ ಹ್ವಾದ ವಾರ ಹೋತ್ರಿ. ಹದ್ದು ಒಯ್ತು ಅಂತಾರ ಮನ್ಯಾಗ,” ಎಂದನು. ಮರಿ ಎಷ್ಟು ತಿಂಗಳದು ಎಂದು ಕೇಳಿದೆ. ಐದು ತಿಂಗಳದಂತೆ. ಯಾವ ಹೊತ್ತಿನಲ್ಲಿ ಕಾಣೆಯಾಯಿತೆಂದರೆ, ರಾತ್ರಿ. ಅದನ್ನು ಎಲ್ಲಿ ಬಿಟ್ಟಿದ್ದಿರಿ ಎಂದುದಕ್ಕೆ, ಕಟ್ಟೆಯ ಕಂಬಕ್ಕೆ ಕಟ್ಟಿತ್ತು ಎಂದನು. ಆ ಉತ್ತರ ಕೇಳಿದಾಗ ನನ್ನ ಮನಸ್ಸು ನಲವತ್ತು ವರ್ಷಗಳಿಗೂ ಹಿಂದಕ್ಕೆ ಹೋಯಿತು. ಅದನ್ನು ಮುಂದೆ ನಿವೇದಿಸುವೆನು. ಸ್ಮರಣ ಸಂಚಿಕೆಗೆ ನನ್ನಿಂದ ಛಂದಸ್ಸಿನ ಮೇಲೊಂದು ಲೇಖನವನ್ನು ನಿರೀಕ್ಷಿಸಿದ್ದ ಸಂಪಾದಕ ಮಿತ್ರರು ಕ್ಷಮಿಸಬೇಕು.

ಮೊದಲು ಹದ್ದಿನ ಮೇಲಣ ಅಪವಾದವನ್ನು ಪರಿಶೀಲಿಸೋಣ. ನಮ್ಮ ಭಾಷೆಯಲ್ಲಿ ಬೇಟೆಯ ಪಕ್ಷಿಗಳಿಗೆ ಹೆಸರುಗಳ ಬಡತನವಿಲ್ಲ. ಹದ್ದು, ಗಿಡುಗ, ಡೇಗೆ, ಸಾಳುವ ಮುಂತಾಗಿ ಹಲವುಂಟು. ಆದರೆ ವ್ಯವಹಾರದಲ್ಲಿ ಆಕಾಶದಲ್ಲಿ ಸುತ್ತುವುದೆಲ್ಲವೂ ನಮಗೆ ಹದ್ದೇ. ಊರ ಮೇಲೆ ಹಗಲೆಲ್ಲ ಸುತ್ತುವ ಕರಿಹದ್ದಿನ ತೂಕ ಸಾಮಾನ್ಯವಾಗಿ ಒಂದು ಕಿಲೋಗ್ರಾಮಿಗಿಂತ ಕಡಿಮೆ. ಬಿಳಿಯ ಎದೆಯ ಗರುಡಪಕ್ಷಿ ಅದಕ್ಕಿಂತಲೂ ಹಗುರ. ಕಾಡಂಚಿನ ಮರಗಳಲ್ಲಿ ಕುಳಿತು ಹೊಂಚುಹಾಕುವ ಜುಟ್ಟುಗಿಡುಗ ಇವೆರಡಕ್ಕಿಂತ ಬಲಶಾಲಿಯಾದರೂ ಎರಡು ಕಿಲೋಗ್ರಾಂ ಮುಟ್ಟುವುದು ದುರ್ಲಭ. ಕಲ್ಲುಗುಡ್ಡಗಳ ಸಂದಿನಲ್ಲಿ ವಾಸಿಸಿ ಮುಚ್ಚಂಜೆಯಲ್ಲಿ ಹೊರಡುವ ಕೊಂಬಿನ ಗೂಬೆಯ ತೂಕವೂ ಹೆಚ್ಚುಕಡಿಮೆ ಅಷ್ಟೇ. ಪಕ್ಷಿಯು ಬೇಟೆಯನ್ನು ನೆಲದಿಂದ ಎತ್ತುವಾಗ ತನ್ನ ದೇಹದ ಭಾರದೊಡನೆ ಅದರ ಭಾರವನ್ನೂ ರೆಕ್ಕೆಯ ಬಲದಿಂದಲೇ ಎತ್ತಬೇಕು. ಆದುದರಿಂದ ತನ್ನ ತೂಕದ ಅರ್ಧದಷ್ಟನ್ನು ಹೊತ್ತು ದೂರ ಹಾರುವುದೇ ಅದಕ್ಕೆ ಪ್ರಯಾಸ. ಐದು ತಿಂಗಳ ನಾಟಿ ಮರಿಯನ್ನು ಹದ್ದು ಒಯ್ಯಲಾರದು. ಮೇಲಾಗಿ ಹದ್ದು ರಾತ್ರಿಯಲ್ಲಿ ಬೇಟೆಯಾಡುವ ಪಕ್ಷಿಯಲ್ಲ.

ಈ ಭ್ರಾಂತಿ ನಮ್ಮ ಹಳ್ಳಿಗಳಿಗೆ ಮಾತ್ರ ಸೀಮಿತವಾದುದಲ್ಲ. 2012ರ ಡಿಸೆಂಬರಿನಲ್ಲಿ ಕೆನಡಾ ದೇಶದ ಮಾಂಟ್ರಿಯಲ್ ನಗರದ ಉದ್ಯಾನವೊಂದರಲ್ಲಿ ಗಿಡುಗವು ಮಗುವೊಂದನ್ನು ಎತ್ತಿಕೊಂಡು ಹಾರುವ ಚಲಚ್ಚಿತ್ರ ತುಣುಕು ಜಗತ್ತಿನಾದ್ಯಂತ ಹರಡಿತು. ಕೋಟ್ಯಂತರ ಜನ ಅದನ್ನು ನೋಡಿದರು, ಅನೇಕರು ನಂಬಿದರು. ಕಡೆಗೆ ಅದು ಅಲ್ಲಿಯ ವಿದ್ಯಾಸಂಸ್ಥೆಯೊಂದರ ವಿದ್ಯಾರ್ಥಿಗಳು ಅಭ್ಯಾಸಕ್ಕಾಗಿ ಗಣಕಯಂತ್ರದಲ್ಲಿ ನಿರ್ಮಿಸಿದ ಕೃತಕ ದೃಶ್ಯವೆಂದು ತಿಳಿದುಬಂದಿತು.

ಹಾಗೆಂದು ಪಕ್ಷಿಗಳಿಂದ ಭಯವೇ ಇಲ್ಲವೆಂದು ಹೇಳತಕ್ಕದ್ದಲ್ಲ. ಆಗತಾನೆ ಹುಟ್ಟಿದ, ಅಂಗೈಯಲ್ಲಿ ಹಿಡಿಯಬಹುದಾದ ಮರಿಗಳನ್ನು ತಾಯಿ ಬಯಲಲ್ಲಿ ಬಿಟ್ಟುಹೋದಾಗ ಹದ್ದು ಎರಗುವುದುಂಟು. ಕೋಳಿಮರಿಯನ್ನು ಒಯ್ಯಬಲ್ಲ ಪಕ್ಷಿಗೆ ಅದೇನೂ ಅಸಾಧ್ಯವಲ್ಲ. ಮತ್ತೆ, ಎತ್ತಲಾರದ ಪಕ್ಷಿಯೂ ಗಾಯಗೊಳಿಸಬಲ್ಲುದು. ಅದರ ಉಗುರಿನ ಗಾಯ ಹೊರಗೆ ಸೂಜಿಮೊನೆಯಷ್ಟು ಕಂಡರೂ ಒಳಗೆ ಆಳವಾಗಿರುತ್ತದೆ; ಕೂದಲು ಅದನ್ನು ಮುಚ್ಚಿಬಿಡುತ್ತದೆ. ಅರಿಸಿನ ಮೆತ್ತಿ ಸುಮ್ಮನಾಗದೆ ಪಶುವೈದ್ಯರಲ್ಲಿಗೆ ಒಯ್ಯಬೇಕು. ಮರಿಗಳು ಕಣ್ಣುಬಿಟ್ಟು ಓಡಾಡುವವರೆಗೆ ಅವುಗಳನ್ನು ಸೂರಿನ ಕೆಳಗೆ ಇಡುವುದು, ಎರಡು ಮೂರು ಕಿಲೋಗ್ರಾಂ ತೂಕದ ಪುಟ್ಟ ಜಾತಿಯ ನಾಯಿಗಳನ್ನು ತೆರೆದ ಬಯಲಿನಲ್ಲಿ ಒಂಟಿಯಾಗಿ ಬಿಡದಿರುವುದು, ಮಾಂಸದ ತುಣುಕುಗಳನ್ನು ಹಿತ್ತಿಲಲ್ಲಿ ಎಸೆದು ಹದ್ದುಗಳನ್ನು ಕರೆಯದಿರುವುದು — ಹಗಲಿನ ಮಟ್ಟಿಗೆ ಇಷ್ಟು ಸಾಕು. ಜೊತೆಯಲ್ಲಿ ಮನುಷ್ಯನೊಬ್ಬನಿದ್ದರೆ ಪಕ್ಷಿ ಪ್ರಾಯಶಃ ಕೆಳಗಿಳಿಯುವುದೇ ಇಲ್ಲ.

ಇನ್ನು ನನ್ನ ಮಾತು. 1981ರಲ್ಲಿ ನನಗೆ ಹನ್ನೊಂದು ವರ್ಷ. ಹಾನಗಲ್ಲ ಸೀಮೆಯ, ಒಂದು ಮಗ್ಗುಲಿಗೆ ಬತ್ತದ ಗದ್ದೆ, ಇನ್ನೊಂದು ಮಗ್ಗುಲಿಗೆ ಕುರುಚಲು ಕಾಡು ಇದ್ದ ಊರು ನಮ್ಮದು. ನಮ್ಮ ಮನೆಯಲ್ಲಿ ಚಿನ್ನಿ ಎಂಬ ಬಿಳಿಯ ಗಿಡ್ಡ ನಾಯಿಯಿತ್ತು. ಅದು ರಾತ್ರಿ ಬೀದಿಗೆ ಹೋಗಿ ಅಲೆಯುತ್ತದೆಂದು ನಮ್ಮ ತಂದೆಯವರು ಸಂತೆಯಿಂದ ಸರಪಳಿ ತಂದುಕೊಟ್ಟರು. ಪ್ರತಿ ಸಂಜೆ ಅದನ್ನು ಕಟ್ಟೆಯ ಕಂಬಕ್ಕೆ ಕಟ್ಟುವ ಕೆಲಸ ನನ್ನದಾಯಿತು. ಮಾಘಮಾಸದ ಒಂದು ರಾತ್ರಿ ಚಿನ್ನಿ ಎರಡು ಸಲ ಬೊಗಳಿ ಸುಮ್ಮನಾಯಿತು. ಅದು ಸುಮ್ಮನಾದುದೇ ಒಳ್ಳೆಯದಾಯಿತೆಂದು ನಾನು ಕಂಬಳಿಯನ್ನು ಮುಖದ ಮೇಲೆಳೆದುಕೊಂಡು ಮಲಗಿದೆ. ಬೆಳಗ್ಗೆ ಕಂಬದಲ್ಲಿ ಸರಪಳಿ ಮಾತ್ರ ಉಳಿದಿತ್ತು; ಅದರ ತುದಿಗೆ ಹರಿದ ಕೊರಳಪಟ್ಟಿ.

ಹಿಂದಿನ ದಿನ ಮನೆಯ ಮೇಲೆ ಹದ್ದು ಸುತ್ತಿದುದನ್ನು ಅವ್ವ ನೋಡಿದ್ದಳು. ಹದ್ದೇ ಒಯ್ದಿತೆಂದು ಓಣಿಯೆಲ್ಲ ನಿರ್ಧಾರವಾಯಿತು. ಆಗ ಕುರಿ ಹೊಡೆದುಕೊಂಡು ಹೊರಟಿದ್ದ ಮುದುಕನೊಬ್ಬ ಅಂಗಳದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ಮಣ್ಣನ್ನು ನೋಡಿ ನನ್ನನ್ನು ಕರೆದ. “ತಮ್ಮಾ, ಇಲ್ನೋಡು. ನಾಕು ಬಟ್ಟು ಅದಾವು, ಉಗರಿಲ್ಲ. ನಾಯಿ ಹೆಜ್ಜಿ ಆಗಿದ್ರ ಉಗರು ಮೂಡ್ತಿದ್ವು. ಇದು ಚಿರತಿ. ಹದ್ದಿನ ಮ್ಯಾಲ ಯಾಕ ಹಾಕ್ತೀರಿ?” ಎಂದ. ಬಳಿಕ ಸರಪಳಿಯನ್ನು ಕೈಯಲ್ಲಿ ಹಿಡಿದು, “ಬಿಟ್ಟಿದ್ರ ಒಳಗಾರ ಓಡಿ ಬರತಿತ್ತು,” ಎಂದು ಮೆಲ್ಲಗೆ ಹೇಳಿ ಎದ್ದುಹೋದ. ಕಟ್ಟಿದ್ದು ನಾನೆಂಬುದು ಅವನಿಗೆ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ.

ಆ ಮುದುಕನ ಮಾತಿಗೆ ಶಾಸ್ತ್ರೀಯ ಸಮರ್ಥನೆ ಇತ್ತೀಚೆಗೆ ದೊರೆತಿದೆ. ಮಹಾರಾಷ್ಟ್ರದ ಅಕೋಲೆ ಪ್ರದೇಶದಲ್ಲಿ, ಕಾಡಿಲ್ಲದ ಕಬ್ಬಿನ ಸೀಮೆಯಲ್ಲಿ, ವಿದ್ಯಾ ಅತ್ರೇಯ ಅವರೂ ಸಂಗಡಿಗರೂ ಚಿರತೆಯ ಹಿಕ್ಕೆಗಳನ್ನು ಸಂಗ್ರಹಿಸಿ ಪರೀಕ್ಷಿಸಿದರು. 2016ರಲ್ಲಿ ಪ್ರಕಟವಾದ ಅವರ ಲೇಖನದ ಪ್ರಕಾರ ಚಿರತೆಗಳ ಆಹಾರದಲ್ಲಿ ತೂಕದ ಲೆಕ್ಕಕ್ಕೆ ಶೇಕಡಾ 87 ಭಾಗ ಸಾಕುಪ್ರಾಣಿಗಳು. ಅದರಲ್ಲಿ ನಾಯಿಯೊಂದೇ ಶೇಕಡಾ 39. ಆ ಸೀಮೆಯಲ್ಲಿ ಮೇಕೆಗಳು ನಾಯಿಗಳ ಏಳರಷ್ಟಿದ್ದವು. ಆದರೂ ಚಿರತೆಯ ಹೊಟ್ಟೆ ಸೇರಿದ ಮೇಕೆಯ ಪಾಲು ಶೇಕಡಾ 11 ಮಾತ್ರ. ಮೇಕೆಗಳಿಗೆ ದೊರೆಯುವ ಹೆಚ್ಚಿನ ರಕ್ಷಣೆಯೇ ಇದಕ್ಕೆ ಕಾರಣವಿರಬಹುದೆಂದು ಸಂಶೋಧಕರು ಊಹಿಸಿದ್ದಾರೆ. ಈ ಊಹೆ ನನಗೆ ನೂರಕ್ಕೆ ನೂರು ಸರಿಯೆಂದು ತೋರುತ್ತದೆ. ಮೇಕೆಯನ್ನು ನಾವು ರಾತ್ರಿ ದೊಡ್ಡಿಯಲ್ಲಿ ಕೂಡಿ ಅಗುಳಿ ಹಾಕುತ್ತೇವೆ, ಏಕೆಂದರೆ ಅದಕ್ಕೆ ಸಂತೆಯಲ್ಲಿ ಬೆಲೆಯಿದೆ. ಹಸುವಿಗೆ ದಂದಕ್ಕಿಯಿದೆ, ಕೋಳಿಗೆ ಬುಟ್ಟಿಯಿದೆ. ಬಾಗಿಲ ಹೊರಗೆ ಉಳಿಯುವುದು ನಾಯಿ ಒಂದೇ.

2022ರ ಅಂದಾಜಿನಂತೆ ಭಾರತದಲ್ಲಿ 13,874 ಚಿರತೆಗಳಿದ್ದು, ನಮ್ಮ ರಾಜ್ಯದ ಪಾಲು 1,879. ಇವುಗಳಲ್ಲಿ ಅನೇಕವು ಕಬ್ಬಿನ ಗದ್ದೆ, ಕಲ್ಲುಗುಡ್ಡ, ಊರಂಚಿನ ಪೊದೆಗಳಲ್ಲಿಯೇ ಮರಿಮಾಡಿ ಬಾಳುತ್ತವೆ. 2022ರ ಆಗಸ್ಟಿನಲ್ಲಿ ಬೆಳಗಾವಿ ನಗರದ ಗಾಲ್ಫ್ ಮೈದಾನದಲ್ಲಿ ಚಿರತೆಯೊಂದು ಸೇರಿಕೊಂಡು ವಾರಗಟ್ಟಲೆ ಕೈಗೆ ಸಿಗದೆ, ಸುತ್ತಲಿನ ಅನೇಕ ಶಾಲೆಗಳಿಗೆ ರಜೆ ಕೊಡಬೇಕಾಗಿ ಬಂದುದು ವಾಚಕರ ನೆನಪಿನಲ್ಲಿರಬಹುದು. ಬೀದಿಯ ಕಸದ ಗುಂಡಿ ನಾಯಿಯನ್ನು ಕರೆಯುತ್ತದೆ, ನಾಯಿ ಚಿರತೆಯನ್ನು ಕರೆಯುತ್ತದೆ.

ರಕ್ಷಣೆಯ ಉಪಾಯಗಳಲ್ಲಿ ಅಗ್ರಗಣ್ಯವಾದುದು ಅತ್ಯಂತ ಸುಲಭವಾದುದೂ ಆಗಿದೆ. ಕತ್ತಲೆಯಾಗುವ ಮುನ್ನ ನಾಯಿಯನ್ನು ಬಾಗಿಲಿರುವ ಜಾಗಕ್ಕೆ ಸೇರಿಸಿ, ಬೆಳಕು ಹರಿದ ಮೇಲೆ ಬಿಡುವುದು. ಎತ್ತರದ ಪಾಗಾರವಿದೆಯೆಂದು ನೆಮ್ಮದಿಯಿಂದಿರಲಾಗದು. ನಾಯಿಯನ್ನು ಬಾಯಲ್ಲಿ ಕಚ್ಚಿಕೊಂಡೇ ಚಿರತೆ ಗೋಡೆ ಹಾರಬಲ್ಲುದು. ಹೊರಗೆ ಗೂಡು ಕಟ್ಟಿಸುವವರು ನಾಲ್ಕು ಬದಿಗೂ ಗಟ್ಟಿ ಕಬ್ಬಿಣದ ಜಾಲರಿ ಹಾಕಿಸಿ, ಮೇಲೂ ಮುಚ್ಚಿಸಬೇಕು. ನರಿಯಂಥವು ಕೆಳಗಿನಿಂದ ಕೆದರಿ ನುಗ್ಗದಂತೆ ನೆಲಕ್ಕೆ ಹಾಸುಗಲ್ಲು ಹಾಕಿಸಬೇಕು. ದೀಪವೊಂದನ್ನೇ ನಂಬಬಾರದು. ಊರಂಚಿನ ಚಿರತೆಗೆ ದೀಪದ ಬೆಳಕು ಹೊಸತೇನಲ್ಲ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಲೇಬೇಕು. ನಾಯಿಯನ್ನು ಒಳಗೆ ಬಿಟ್ಟುಕೊಳ್ಳುವುದು ಮಡಿಗೆ ವಿರೋಧವೆಂದು ಹಿರಿಯರು ಹೇಳುತ್ತಾರೆ. ನಾನೂ ಅಂಥ ಮನೆಯಲ್ಲಿಯೇ ಬೆಳೆದವನು. ದೇವರ ಮನೆಗೂ ಅಡುಗೆ ಮನೆಗೂ ಅದನ್ನು ಕರೆಯಿರೆಂದು ಯಾರೂ ಹೇಳುತ್ತಿಲ್ಲ. ದನ ಕಟ್ಟುವ ದಂದಕ್ಕಿ ನಮ್ಮ ಕಡೆಯ ಹಳೆಯ ಮನೆಗಳಲ್ಲಿ ತಲೆಬಾಗಿಲಿನ ಒಳಗೇ ಇರುವುದಷ್ಟೆ. ಎತ್ತು ಮಲಗಬಹುದಾದ ಕಡೆ ನಾಯಿಗೊಂದು ಗೋಣಿಚೀಲ ಹಾಸಿದರೆ ಯಾವ ಆಚಾರಕ್ಕೆ ಭಂಗ? ಧರ್ಮರಾಯನು ನಾಯಿಯನ್ನು ಬಿಟ್ಟು ಸ್ವರ್ಗದ ರಥವೇರಲಾರೆನೆಂದ ಕಥೆಯನ್ನು ಪುರಾಣದ ಕಟ್ಟೆಯಲ್ಲಿ ಕೇಳಿ ಕಣ್ಣೊರಸಿಕೊಳ್ಳುವ ನಾವು, ಮನೆಗೆ ಬಂದು ಅದೇ ನಾಯಿಯ ಮುಖದ ಮೇಲೆ ಕದ ಹಾಕುತ್ತೇವೆ.

ಹೊರಗೆ ಕಾವಲಿರಲೇಬೇಕಾದ ನಾಯಿಗೆ ಕೊರಳ ರಕ್ಷೆಯುಂಟು. ಚಿರತೆ ಸಾಮಾನ್ಯವಾಗಿ ಕೊರಳನ್ನೇ ಹಿಡಿಯುತ್ತದೆ. ಇದನ್ನರಿತ ಹಿಮಾಲಯದ ಕುರಿಗಾಹಿಗಳು ತಮ್ಮ ನಾಯಿಗಳಿಗೆ ಮೊನೆಯಾದ ಮುಳ್ಳುಗಳುಳ್ಳ ಅಗಲವಾದ ಕಬ್ಬಿಣದ ಪಟ್ಟಿಯನ್ನು ತೊಡಿಸುತ್ತಾರೆ. ಪಾಣಿನಿಯ ಸೂತ್ರದಲ್ಲಿ ಕೌಲೇಯಕ, ಕೌಕ್ಷೇಯಕ, ಗ್ರೈವೇಯಕ — ನಾಯಿ, ಕತ್ತಿ, ಕೊರಳ ಆಭರಣ — ಒಟ್ಟಿಗೆ ನಿಂತಿರುವುದು ಕೇವಲ ವ್ಯಾಕರಣದ ಕಾರಣಕ್ಕೆಂದು ನಾನು ಬಲ್ಲೆ. ಆದರೂ ಆ ಪಟ್ಟಿಯ ಚಿತ್ರವನ್ನು ಮೊದಲು ಕಂಡಾಗ ಸೂತ್ರಕ್ಕೊಂದು ಉದಾಹರಣೆ ದೊರೆತಂತೆ ನಗು ಬಂದಿತು. ಅಮೆರಿಕೆಯಲ್ಲಿ ನೆಲೆಸಿರುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು ಹೇಳಿದಂತೆ, ಅಲ್ಲಿ ಕಯೋಟಿ ಎಂಬ, ತೋಳಕ್ಕಿಂತ ಸಣ್ಣದಾದ ಕಾಡುಪ್ರಾಣಿ ನಗರಗಳ ಹಿತ್ತಿಲಿಗೇ ಬಂದು ಪುಟ್ಟ ನಾಯಿಗಳನ್ನು ಒಯ್ಯುವುದರಿಂದ, ಮುಳ್ಳುಗಳಿರುವ ಅಂಗಿಯನ್ನೇ ನಾಯಿಗೆ ತೊಡಿಸಿ ತಿರುಗಾಡಿಸುತ್ತಾರಂತೆ. ಆದರೆ ಯಾವ ಪಟ್ಟಿಯೂ ಬಾಗಿಲಿಗೆ ಸಮನಲ್ಲ. ಮುಧೋಳದ ಬೇಟೆನಾಯಿಯ ಶೌರ್ಯವನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ, 2005ರಲ್ಲಿ ಅದರ ಹೆಸರಿನಲ್ಲಿ ಅಂಚೆಚೀಟಿಯೂ ಬಂದಿತು. ಅಂಥ ನಾಯಿಯೂ ಒಂಟಿಯಾಗಿ ಚಿರತೆಗೆ ಸಾಟಿಯಾಗದೆಂದ ಮೇಲೆ ಗಿಡ್ಡ ನಾಯಿಯ ಪಾಡೇನು!

ರಾತ್ರಿ ನಾಯಿ ಅರಚಿಕೊಂಡರೆ ಬಡಿಗೆ ಹಿಡಿದು ಹೊರಗೆ ಧಾವಿಸಕೂಡದು. ಕತ್ತಲಲ್ಲಿ ಬೇಟೆಯ ಮೇಲಿರುವ ಚಿರತೆಗೂ ಮನುಷ್ಯನಿಗೂ ನಡುವೆ ಅಂತರವಿಲ್ಲದೆ ಹೋದಾಗಲೇ ಅನಾಹುತವಾಗುವುದು. ಒಳಗಿನಿಂದಲೇ ದೀಪ ಹಾಕಿ, ತಾಟು ಬಡಿದು, ಗಟ್ಟಿಯಾಗಿ ಕೂಗಬೇಕು. ಮುಚ್ಚಂಜೆಯಲ್ಲಿ ನಾಯಿಯನ್ನು ಹೊರಗೆ ಕರೆದೊಯ್ಯುವವರು ಹಗ್ಗವನ್ನು ಗಿಡ್ಡವಾಗಿ ಹಿಡಿಯಬೇಕು, ಬ್ಯಾಟರಿ ಜೊತೆಗಿರಬೇಕು, ಮಕ್ಕಳ ಕೈಗೆ ಈ ಕೆಲಸ ಕೊಡಬಾರದು.

ಸತ್ತ ನಾಯಿಯ ಹೆಣಕ್ಕೆ ವಿಷ ಬೆರೆಸಿ ಸೇಡು ತೀರಿಸುವವರನ್ನೂ ಕಂಡಿದ್ದೇನೆ. ಆ ವಿಷವನ್ನು ತಿಂದು ಸಾಯುವುದು ಚಿರತೆಯೊಂದೇ ಅಲ್ಲ, ಹದ್ದು, ನರಿ, ನೆರೆಯವರ ನಾಯಿಯೂ ಸಾಯುತ್ತವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಚಿರತೆಯನ್ನು ಕೊಂದವರಿಗೆ ಮೂರರಿಂದ ಏಳು ವರ್ಷಗಳ ಸೆರೆವಾಸವುಂಟು. ಬೋನಿಟ್ಟು ಹಿಡಿದು ದೂರದ ಕಾಡಿಗೆ ಬಿಡುವುದು ನಿರಪಾಯವೆಂದು ಬಹುಕಾಲ ನಂಬಲಾಗಿತ್ತು. ಮಹಾರಾಷ್ಟ್ರದ ಜುನ್ನರ ಪ್ರದೇಶದ ಅನುಭವವು ಹೀಗೆ ಸಾಗಿಸಿದ ಮೇಲೆ ಮನುಷ್ಯರ ಮೇಲಣ ದಾಳಿಗಳೇ ಹೆಚ್ಚಿದುದನ್ನು ತೋರಿಸಿದೆ.

ನಮ್ಮ ವಿದ್ಯಾರ್ಥಿಯ ಮನೆಗೆ ದಸರೆಯ ಹೊತ್ತಿಗೆ ಇನ್ನೊಂದು ಮರಿ ಬಂದಿತು. ಈ ಸಂಗತಿಗಳನ್ನೆಲ್ಲ ಅವನಿಗೆ ಹೇಳಿದ್ದೆ, ಸರಪಳಿಯದನ್ನೂ ಸೇರಿಸಿ. ಅವನ ಅಜ್ಜಿ ಬಹಳ ದಿನ ಒಪ್ಪಲಿಲ್ಲವಂತೆ. ಈಗ ಮರಿ ಎಮ್ಮೆಯ ಪಕ್ಕದಲ್ಲಿ ಹಳೆಯ ಚೀಲದ ಮೇಲೆ ಮಲಗುತ್ತದೆ. ರಾತ್ರಿ ಅಗುಳಿ ಹಾಕುವ ಮುನ್ನ ಅದು ಒಳಗೆ ಬಂದಿದೆಯೋ ಇಲ್ಲವೋ ಎಂದು ಎಲ್ಲರಿಗಿಂತ ಮೊದಲು ಕೇಳುವವರು ಆ ಅಜ್ಜಿಯೇ ಎಂದು ಹುಡುಗ ಮೊನ್ನೆ ಹೇಳಿದ.