ಮನೆಯ ಮುಂದಿನ ದಾರಿ ಯಾರದು?

ನಿಡೋಣಿಯ ರೈತ ಬಾಂಧವರೇ,

“ಮನಿ ನಂದು. ಮನಿ ಮುಂದಿನ ಜಾಗಾ ನಂದಲ್ಲೇನ್ರಿ?” ಓಣಿಯಲ್ಲಿ ಯಾರಾದರೂ ಕಟ್ಟೆ ಕಟ್ಟಲು ಹೊರಟಾಗ ಏಳುವ ಪ್ರಶ್ನೆಯಿದು. ಇದಕ್ಕೆ ಉತ್ತರವನ್ನು ಈ ಪಾಠದಲ್ಲಿ ತಿಳಿಯೋಣ.

ಮೊದಲು ನಿಮ್ಮ ಮನೆಯ ಉತಾರ ತೆಗೆದು ಚಕ್ಕುಬಂದಿ ಓದಿರಿ. ‘ಪೂರ್ವಕ್ಕೆ ರಸ್ತೆ’ ಎಂದು ಬರೆದಿದ್ದರೆ, ನಿಮ್ಮ ಜಾಗ ರಸ್ತೆಯ ಅಂಚಿಗೆ ಮುಗಿಯಿತೆಂದೇ ಅರ್ಥ. 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 67ನೆಯ ಕಲಮಿನಂತೆ, ಖಾಸಗಿಯವರ ಸ್ವತ್ತಲ್ಲದ ರಸ್ತೆ, ಓಣಿ, ಕಾಲುದಾರಿಗಳು ಸರಕಾರದವು. ಇಂಗ್ಲೆಂಡಿನಲ್ಲಿ ರಸ್ತೆಯ ನಡುಮಧ್ಯದವರೆಗಿನ ನೆಲ ಪಕ್ಕದ ಜಾಗದವನದೆಂದು ಭಾವಿಸುವ ಹಳೆಯ ನಿಯಮವುಂಟು. ಆದರೆ ಅಲ್ಲಿಯೂ ದಾರಿಹೋಕರನ್ನು ತಡೆಯುವ ಹಕ್ಕು ಅವನಿಗಿಲ್ಲ.

ಹಾಗಾದರೆ ಮನೆಯವನಿಗೆ ಹಕ್ಕೇ ಇಲ್ಲವೇ? ಇದೆ. ತನ್ನ ಜಾಗದಿಂದ ರಸ್ತೆಗೆ ಇಳಿಯುವ ಹಕ್ಕು ಅವನದು. ಅವನ ಬಾಗಿಲಿಗೆ ಅಡ್ಡವಾಗಿ ಬೇರೆಯವರು ಕಲ್ಲು ಒಟ್ಟಿದರೆ ತೆಗೆಸಿರೆಂದು ಕೇಳಬಹುದು. ರಸ್ತೆ ಅಗಲಿಸಲು ಅವನ ಸ್ವಂತ ಜಾಗವನ್ನೇ ಸರಕಾರ ಸ್ವಾಧೀನಪಡಿಸಿಕೊಂಡರೆ, 2013ರ ಭೂಸ್ವಾಧೀನ ಕಾಯ್ದೆಯಂತೆ ಪರಿಹಾರ ಕೊಡಬೇಕು.

ಆದರೆ ರಸ್ತೆಯ ಮೇಲೆ ಕಟ್ಟೆ ಕಟ್ಟಲು, ದನದ ಗೂಟ ಹುಗಿಯಲು, ತಿಪ್ಪೆ ಹಾಕಲು, ಕಣಿಕೆಯ ಬಣವಿ ಒಟ್ಟಲು, ಬಚ್ಚಲ ನೀರು ಬಿಡಲು ಹಕ್ಕಿಲ್ಲ. ಲೆಕ್ಕ ಹಾಕಿ ನೋಡಿರಿ: ಎದುರುಬದುರಿನ ಮನೆಗಳು 2 ಅಡಿಯಂತೆ ಮುಂದೆ ಬಂದರೆ 12 ಅಡಿಯ ಓಣಿ 8 ಅಡಿಯಾಗುತ್ತದೆ. ಮೇವಿನ ಟ್ರ್ಯಾಕ್ಟರ್ ಹೊರಳುವುದಿಲ್ಲ. ನಡುರಾತ್ರಿ ಹೆರಿಗೆ ನೋವು ತಿನ್ನುವ ಹೆಣ್ಣುಮಗಳ ಬಾಗಿಲಿಗೆ ಆಂಬುಲೆನ್ಸ್ ಬರುವುದಿಲ್ಲ. ಆ ಮಗಳು ನಿಮ್ಮ ಮನೆಯವಳೂ ಆಗಬಹುದು.

ದಾರಿಗೆ ಅಡ್ಡಿಯಾದರೆ ಏನು ಮಾಡಬೇಕು?

1. ಜಗಳ ಬೇಡ. ಮೊದಲು ಹಿರಿಯರನ್ನು ಕೂಡಿಸಿ ನೆರೆಯವರೊಡನೆ ಮಾತಾಡಿರಿ.

2. ಕೇಳದಿದ್ದರೆ ಗ್ರಾಮ ಪಂಚಾಯತಿಗೆ ಅರ್ಜಿ ಬರೆದು ಕೊಟ್ಟು ಸ್ವೀಕೃತಿ ಪಡೆಯಿರಿ. ಊರ ದಾರಿಯ ಅತಿಕ್ರಮಣ ತೆಗೆಸುವ ಅಧಿಕಾರವನ್ನು 1993ರ ಪಂಚಾಯತ್ ರಾಜ್ ಕಾಯ್ದೆ ಪಂಚಾಯತಿಗೆ ಕೊಟ್ಟಿದೆ.

3. ಅಲ್ಲಿಯೂ ಆಗದಿದ್ದರೆ ತಹಶೀಲ್ದಾರರಿಗೆ ಅರ್ಜಿ ಕೊಡಿರಿ. ತಾಲೂಕಿನ ದಂಡಾಧಿಕಾರಿಗಳಾದ ಅವರು 2023ರ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೆಯ ಕಲಮಿನಂತೆ ಅಡ್ಡಿ ತೆಗೆಯಲು ಆಜ್ಞೆ ಮಾಡಬಹುದು.

ತಡ ಮಾಡಬಾರದು. ಕೈತಪ್ಪಿದ ರಸ್ತೆಯ ಕಬ್ಜೆ ಮರಳಿ ಕೇಳಿ ದಾವೆ ಹೂಡಲು 1963ರ ಕಾಲಮಿತಿ ಕಾಯ್ದೆ ಪಂಚಾಯತಿಗೆ ಕೊಟ್ಟಿರುವ ಅವಧಿ 30 ವರ್ಷ. ಅಪ್ಪನ ಕಾಲದಲ್ಲಿ ಸುಮ್ಮನಿದ್ದರೆ ಮಗನ ಕಾಲಕ್ಕೆ ದಾರಿ ಹೋದೀತು.

ಈ ವಾರ ಪ್ರತಿಯೊಬ್ಬರೂ ಉತಾರ ಹಿಡಿದು ತಮ್ಮ ಮನೆಯ ಜಾಗ ಅಳೆಯಿರಿ. ಹೆಚ್ಚು ಬಂದಿದ್ದರೆ ನಾವೇ ಹಿಂದೆ ಸರಿಯೋಣ. ಒಬ್ಬರು ಸರಿದರೆ ಓಣಿಯೇ ಸರಿಯುತ್ತದೆ.

— ನಿಮ್ಮ ಗ್ರಾಮಸೇವಕ