ಏಜೆಂಟ್ ಏನು ಮಾಡಿತು? ಉತ್ತರ ಕೈಯಲ್ಲಿರಲು ಎಂಟು ಸೂತ್ರಗಳು

ಎಐ ಏಜೆಂಟ್ ಈಗ ಉತ್ತರ ಹೇಳಿ ಸುಮ್ಮನಾಗುವುದಿಲ್ಲ. ಮೇಲ್ ಕಳಿಸುತ್ತದೆ, ಬಿಲ್ ಪಾಸ್ ಮಾಡುತ್ತದೆ, ಡೇಟಾಬೇಸಿನಲ್ಲಿ ಸಾಲು ಅಳಿಸುತ್ತದೆ. ನಾಳೆ ಆಡಿಟರೋ, ಹಣ ಕಳೆದುಕೊಂಡ ಗ್ರಾಹಕರೋ ಬಂದು "ಇದನ್ನು ಮಾಡಿದ್ದು ಯಾರು, ಯಾರ ಮಾತಿನ ಮೇಲೆ?" ಎಂದು ಕೇಳಿದರೆ ತೋರಿಸಲು ದಾಖಲೆ ಬೇಕು. ಆಗ ಕೂತು ಅದನ್ನು ಸೃಷ್ಟಿಸಲಾಗದು.

1. ಏಜೆಂಟಿಗೆ ಅದರದೇ ಗುರುತು ಕೊಡಿ

ಅವಸರದಲ್ಲಿರುವ ತಂಡಗಳು ಯಾರೋ ಒಬ್ಬ ಉದ್ಯೋಗಿಯ ಲಾಗಿನ್ನನ್ನೇ ಏಜೆಂಟಿಗೂ ಕೊಟ್ಟುಬಿಡುತ್ತವೆ. ನನ್ನ ಪ್ರಕಾರ ಇದಕ್ಕಿಂತ ದೊಡ್ಡ ತಪ್ಪಿಲ್ಲ. ಬ್ರಿಟನ್ನಿನ ಪೋಸ್ಟ್ ಆಫೀಸಿನ ಹೊರೈಜನ್ ತಂತ್ರಾಂಶದ ಕಥೆ ನೋಡಿ. ಅದು ತೋರಿಸಿದ ತಪ್ಪು ಲೆಕ್ಕವನ್ನು ನಂಬಿ ಶಾಖೆ ನಡೆಸುವವರ ಮೇಲೆ ಹಣ ಕದ್ದ ಆರೋಪ ಹೊರಿಸಲಾಯಿತು; 1999ರಿಂದ 2015ರವರೆಗಿನ ಮೊಕದ್ದಮೆಗಳಲ್ಲಿ 900ಕ್ಕೂ ಹೆಚ್ಚು ಮಂದಿ ಅಪರಾಧಿಗಳೆನಿಸಿಕೊಂಡರು. ಜೈಲಿಗೆ ಹೋದವರಿದ್ದಾರೆ, ಮನೆ ಕಳೆದುಕೊಂಡವರಿದ್ದಾರೆ. ತಂತ್ರಾಂಶ ನಡೆಸುತ್ತಿದ್ದ ಫುಜಿತ್ಸು ಸಿಬ್ಬಂದಿ ದೂರದಿಂದಲೇ ಶಾಖೆಯ ಲೆಕ್ಕಕ್ಕೆ ನಮೂದು ಸೇರಿಸಬಹುದಿತ್ತು. ಹಳೆಯ ಆವೃತ್ತಿಯಲ್ಲಿ ಆ ನಮೂದು ಶಾಖೆಯವರೇ ಮಾಡಿದಂತೆ ಕಾಣಬಹುದಿತ್ತು ಎಂಬುದು 2019ರಲ್ಲಿ ನ್ಯಾಯಾಲಯದಲ್ಲಿ ಸಾಬೀತಾಯಿತು. ದಾಖಲೆ ಇತ್ತು. ಅದರಲ್ಲಿದ್ದ ಹೆಸರನ್ನು ನಂಬುವಂತಿರಲಿಲ್ಲ.

ನಮ್ಮ 'ಭೂಮಿ' ಯೋಜನೆ ಪಹಣಿಗಳನ್ನು ಕಂಪ್ಯೂಟರಿಗೆ ತಂದಾಗ, ಅಧಿಕಾರಿ ಬೆರಳಚ್ಚು ಕೊಟ್ಟೇ ಒಳಹೋಗುವ ವ್ಯವಸ್ಥೆ ಮಾಡಿತು. ಖಾತೆ ಬದಲಾದ ಮೇಲೆ "ಅದು ನಾನಲ್ಲ, ಯಾರೋ ನನ್ನ ಪಾಸ್‌ವರ್ಡ್ ಬಳಸಿದ್ದಾರೆ" ಎನ್ನುವ ದಾರಿ ಮುಚ್ಚಿತು. ಏಜೆಂಟಿಗೆ ಬೆರಳಿಲ್ಲ, ಹಾಗಾಗಿ ಪ್ರತ್ಯೇಕ ಗುರುತು, ಪ್ರತ್ಯೇಕ ಕೀಲಿ ಕೊಡಿ. ಅದು ಯಾರ ಪರವಾಗಿ ಕೆಲಸ ಮಾಡಿತು ಎಂಬುದಕ್ಕೆ ಇನ್ನೊಂದು ಕಾಲಂ ಇರಲಿ.

2. ಏಜೆಂಟಿನ ಮಾತನ್ನು ಸಾಕ್ಷಿ ಎಂದುಕೊಳ್ಳಬೇಡಿ

2025ರ ಜುಲೈನಲ್ಲಿ ಅಮೆರಿಕದ ಉದ್ಯಮಿ ಜೇಸನ್ ಲೆಮ್ಕಿನ್ ರೆಪ್ಲಿಟ್‌ನ ಏಜೆಂಟ್ ಬಳಸಿ ಆ್ಯಪ್ ಕಟ್ಟುತ್ತಿದ್ದರು. ಏನನ್ನೂ ಮುಟ್ಟಬೇಡ ಎಂದು ಹೇಳಿದ್ದರೂ ಅದು ಚಾಲ್ತಿಯಲ್ಲಿದ್ದ ಡೇಟಾಬೇಸನ್ನು ಅಳಿಸಿತು. ಡೇಟಾ ವಾಪಸ್ ತರಲು ಸಾಧ್ಯವಿಲ್ಲ ಎಂದೂ ಹೇಳಿತು. ಲೆಮ್ಕಿನ್ ತಾವೇ ಪ್ರಯತ್ನಿಸಿದರು, ಡೇಟಾ ವಾಪಸ್ ಬಂತು.

ಆದ್ದರಿಂದ ದಾಖಲೆ ಏಜೆಂಟಿನ ಹೊರಗೆ ಹುಟ್ಟಬೇಕು. ಏಜೆಂಟಿಗೂ ನಿಮ್ಮ ಡೇಟಾಬೇಸು, ಮೇಲು, ಪೇಮೆಂಟ್ ವ್ಯವಸ್ಥೆಗೂ ನಡುವೆ ಒಂದು ಗೇಟ್‌ವೇ ಇಡಿ. ಹೋದ ಪ್ರತಿ ಆದೇಶ, ಬಂದ ಪ್ರತಿ ಉತ್ತರ ಅಲ್ಲೇ ದಾಖಲಾಗಲಿ. ಏಜೆಂಟ್ ಕೊಡುವ ಕಾರಣವನ್ನೂ ಉಳಿಸಿಕೊಳ್ಳಿ, ತಪ್ಪಿಲ್ಲ. ಅದರ ಮೇಲೆ 'ಏಜೆಂಟಿನ ಹೇಳಿಕೆ' ಎಂದು ಸ್ಪಷ್ಟವಾಗಿ ಬರೆದಿರಿ.

3. ಮೊದಲು ಬರೆಯಲಿ, ಆಮೇಲೆ ಮಾಡಲಿ

ಕೆಲಸ ಮುಗಿದ ಮೇಲೆ ಲಾಗ್ ಬರೆಯುವ ವ್ಯವಸ್ಥೆ ನಡುದಾರಿಯಲ್ಲಿ ಕುಸಿದರೆ, ಹಣ ಹೋಗಿರುತ್ತದೆ, ದಾಖಲೆ ಇರುವುದಿಲ್ಲ. 'ಇದನ್ನು ಮಾಡಹೊರಟಿದ್ದೇನೆ' ಎಂಬ ಸಾಲು ಮೊದಲು, 'ಹೀಗಾಯಿತು' ಎಂಬ ಸಾಲು ಆಮೇಲೆ. ಮೊದಲ ಸಾಲು ಬರೆಯಲಾಗದಿದ್ದರೆ ಕೆಲಸವೇ ನಡೆಯಬಾರದು. ಸಾಲಿನಲ್ಲಿ ಇರಬೇಕಾದ್ದು: ಸಮಯ, ಏಜೆಂಟಿನ ಗುರುತು, ಮಾಡೆಲ್ಲಿನ ಆವೃತ್ತಿ, ಆಗ ಜಾರಿಯಲ್ಲಿದ್ದ ಸೂಚನೆಗಳ ಆವೃತ್ತಿ, ಬಳಸಿದ ಟೂಲ್, ಅದಕ್ಕೆ ಕೊಟ್ಟ ವಿವರ, ಸಿಕ್ಕ ಫಲ. ಒಂದು ಏಜೆಂಟ್ ಇನ್ನೊಂದಕ್ಕೆ ಕೆಲಸ ಹಚ್ಚುವುದುಂಟು. ಆಗ ಮೂಲ ಕೋರಿಕೆಯ ಸಂಖ್ಯೆ ಕೊನೆಯವರೆಗೂ ಜೊತೆಗೇ ಸಾಗಬೇಕು.

4. ಒರೆಸಲಾಗದಂತೆ ಕಟ್ಟಿ

ಹಿಂದೆ ನಮ್ಮಲ್ಲಿ ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲಪುಡಿ ಬಳಿದು ಕಡತ ಮಾಡಿ, ಬಳಪದಲ್ಲಿ ಲೆಕ್ಕ ಬರೆಯುತ್ತಿದ್ದರು. ಒರೆಸಿ ಮತ್ತೆ ಬರೆಯಬಹುದಾಗಿದ್ದೇ ಅದರ ಅನುಕೂಲ. ಆಡಿಟ್ ಲಾಗಿಗೆ ಆ ಗುಣ ಬರಬಾರದು. ಪ್ರತಿ ಸಾಲಿನಲ್ಲೂ ಹಿಂದಿನ ಸಾಲಿನ ಹ್ಯಾಶ್ (ಆ ಸಾಲಿನಿಂದ ಲೆಕ್ಕ ಹಾಕಿದ, ಬೆರಳಚ್ಚಿನಂಥ ಸಂಕೇತ) ಸೇರಿಸಿದರೆ, ನಡುವಿನ ಒಂದಕ್ಷರ ತಿದ್ದಿದರೂ ಮುಂದಿನ ಕೊಂಡಿ ಕಳಚಿ ಗೊತ್ತಾಗುತ್ತದೆ. ಆದರೂ ಒಂದು ಕಂಡಿ ಉಳಿಯುತ್ತದೆ: ಕೊನೆಯ ಹತ್ತು ಸಾಲನ್ನು ಪೂರ್ತಿ ಕತ್ತರಿಸಿ ಹಾಕಿದರೆ ಸರಪಳಿ ಸರಿಯಾಗಿಯೇ ಕಾಣುತ್ತದೆ. ಅದಕ್ಕಾಗಿ ದಿನದ ಕೊನೆಯ ಹ್ಯಾಶನ್ನು ಬೇರೆಯವರ ಸುಪರ್ದಿನಲ್ಲಿ ಇಡಿ. ಲಾಗ್ ಅಳಿಸುವ ಅನುಮತಿ ಏಜೆಂಟಿಗಂತೂ ಬೇಡ, ಅದನ್ನು ನಡೆಸುವ ತಂಡಕ್ಕೂ ಬೇಡ.

5. ಗಡಿಯಾರ ಒಂದೇ ಇರಲಿ, ಅವಧಿ ಗೊತ್ತಿರಲಿ

ಎರಡು ಸರ್ವರುಗಳ ಸಮಯ ನಾಲ್ಕು ಸೆಕೆಂಡ್ ಬೇರೆಯಾದರೆ ಕಾರಣ ಯಾವುದು, ಪರಿಣಾಮ ಯಾವುದು ತಿಳಿಯದು. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರ ನಿರ್ದೇಶನದಲ್ಲಿ ಗಡಿಯಾರಗಳನ್ನು ಹೊಂದಿಸುವಂತೆಯೂ, ಲಾಗುಗಳನ್ನು 180 ದಿನ ಉಳಿಸುವಂತೆಯೂ ಹೇಳಿದೆ. ಏಜೆಂಟ್ ಕಂಪನಿಯ ಲೆಕ್ಕಪುಸ್ತಕ ಮುಟ್ಟಿದರೆ ಮಾತೇ ಬೇರೆ. 2023ರ ಏಪ್ರಿಲ್ 1ರಿಂದ ಕಂಪನಿಗಳ ಅಕೌಂಟಿಂಗ್ ತಂತ್ರಾಂಶದಲ್ಲಿ ಆಫ್ ಮಾಡಲಾಗದ ಎಡಿಟ್ ಲಾಗ್ ಕಡ್ಡಾಯ. ಲೆಕ್ಕಪುಸ್ತಕ ಇಡಬೇಕಾದ್ದು 8 ವರ್ಷ. ಯುರೋಪಿನಲ್ಲಿ ಗ್ರಾಹಕರಿದ್ದರೆ ಅಲ್ಲಿನ ಎಐ ಕಾಯ್ದೆಯನ್ನೂ ಓದಿ; ಹೆಚ್ಚಿನ ಅಪಾಯದ ವ್ಯವಸ್ಥೆಗಳ ಲಾಗ್ ಕನಿಷ್ಠ ಆರು ತಿಂಗಳು ಇರಬೇಕು ಎನ್ನುತ್ತದೆ.

6. ಲಾಗಿನಿಂದಲೇ ಗುಟ್ಟು ಸೋರದಿರಲಿ

ಪಾಸ್‌ವರ್ಡ್, ಆಧಾರ್ ಸಂಖ್ಯೆ, ರೋಗಿಯ ವಿವರ ಬರೆಯುವ ಮೊದಲೇ ಮರೆಮಾಚಿ. ಅಳಿಸಲಾಗದ ಜಾಗಕ್ಕೆ ಒಮ್ಮೆ ಹೋದದ್ದು ಅಲ್ಲೇ ಉಳಿಯುತ್ತದೆ.

7. ಒಪ್ಪಿಗೆ ಕೊಟ್ಟವರು ಕಂಡದ್ದನ್ನೂ ಬರೆದಿಡಿ

'ಮ್ಯಾನೇಜರ್ ಒಪ್ಪಿದರು' ಎಂದಷ್ಟೇ ಇದ್ದರೆ ಮನುಷ್ಯನ ತಲೆಗೆ ಹೊರೆ ಹೊರಿಸಿದಂತಾಗುತ್ತದೆ. ಅವರ ಪರದೆಯ ಮೇಲೆ ಏನಿತ್ತು, ಎಷ್ಟು ಸೆಕೆಂಡಿನಲ್ಲಿ ಒಪ್ಪಿದರು? ಎರಡು ಸೆಕೆಂಡಿಗೊಂದು ಒಪ್ಪಿಗೆ ಬೀಳುತ್ತಿದ್ದರೆ ಅಲ್ಲಿ ಪರಿಶೀಲನೆ ನಡೆಯುತ್ತಿಲ್ಲ. ನಿರಾಕರಿಸಿದ ಕೋರಿಕೆಗಳನ್ನೂ, ಅನುಮತಿಯಿಲ್ಲದೆ ತಡೆಹಿಡಿದವನ್ನೂ ಇಟ್ಟುಕೊಳ್ಳಿ; ಏಜೆಂಟ್ ಯಾವ ಕಡೆ ವಾಲುತ್ತಿದೆ ಎಂಬುದು ಮೊದಲು ಕಾಣುವುದು ಅಲ್ಲಿ.

8. ತಿಂಗಳಿಗೊಮ್ಮೆ ಒಂದು ಎಳೆ ಹಿಡಿದು ಎಳೆಯಿರಿ

ಮೂರು ತಿಂಗಳ ಹಿಂದಿನ ಯಾವುದಾದರೂ ಒಂದು ಕ್ರಿಯೆ ಆರಿಸಿ. ಮರುಪಾವತಿ ಆಗಬಹುದು, ಅಳಿಸಿದ ಒಂದು ಸಾಲಾಗಬಹುದು. ಏಜೆಂಟ್ ಕಟ್ಟಿದವರನ್ನು ದೂರವಿಟ್ಟು, ಹೊರಗಿನ ಒಬ್ಬ ಸಹೋದ್ಯೋಗಿಗೆ ಲಾಗ್ ಮಾತ್ರ ಕೊಡಿ. ಯಾರು ಕೇಳಿದ್ದು, ಏಜೆಂಟ್ ಏನು ನೋಡಿತು, ಏನು ಮಾಡಿತು, ಯಾರು ಒಪ್ಪಿದರು ಎಂಬುದನ್ನು ಅವರು ಒಂದು ಗಂಟೆಯೊಳಗೆ ಹೇಳಬಲ್ಲರೇ? ಅವರು ಎಲ್ಲಿ ತಡವರಿಸಿದರೋ ಅಲ್ಲಿಗೆ ಒಂದು ಕಾಲಂ ಸೇರಿಸಿ, ಮುಂದಿನ ತಿಂಗಳು ಇನ್ನೊಬ್ಬರನ್ನು ಕೂರಿಸಿ.